ಪೆಟ್ರೋಲಿನ ನಲ್ಲಿ ತೊಟ್ಟಿಕ್ಕಿದಾಗ

ಕಳೆದ ತಿಂಗಳು ಬಾವಿಯ ರಾಟೆಯ ವಿಷಯವಾಗಿ ನಾವು ಬರೆದುದನ್ನು ಓದಿ ಭಟ್ಕಳದ ಕಡೆಯ ವಾಚಕರೊಬ್ಬರು ಒಂದು ವಿನೋದದ ಕಾಗದವನ್ನು ಕಳುಹಿದ್ದಾರೆ. ಮಾಸ್ತರರು ಬಾವಿಯ ಕಟ್ಟೆಯಿಂದ ಇಳಿದು ಒಮ್ಮೆ ಜಗಲಿಯ ಕಡೆಗೂ ನೋಡಬೇಕು, ಅಲ್ಲಿ ನಿಂತಿರುವ ತಮ್ಮ ಹಳೆಯ ಮೋಟಾರು ಸೈಕಲ್ಲಿನ ಪೆಟ್ರೋಲು ನಲ್ಲಿಯು ಸೋರುತ್ತಿರುವುದಕ್ಕೆ ಏನಾದರೊಂದು ಉಪಾಯವನ್ನು ಹೇಳಬೇಕು ಎಂಬುದು ಅವರ ಬಿನ್ನಹ. ಓದಿ ನಮಗೆ ನಗೆಯೂ ಬಂದಿತು, ಸಂಕೋಚವೂ ಆಯಿತು. ಯಾತಕ್ಕೆಂದರೆ ಈ ವಿಷಯದಲ್ಲಿ ನಾವು ಬಲ್ಲುದೆಲ್ಲವೂ ಕಳೆದ ಮಳೆಗಾಲದಲ್ಲಿ ನಮ್ಮ ಸ್ವಂತ ತಪ್ಪಿನಿಂದ ಕಲಿತುದು. ಮೂವತ್ತು ವರ್ಷಗಳ ಕಾಲ ಮಕ್ಕಳ ಪಟ್ಟಿಗಳಲ್ಲಿ ತಪ್ಪುಗಳಿಗೆ ಕೆಂಪು ಗೆರೆ ಎಳೆದವರಿಗೆ ತಮ್ಮ ತಪ್ಪನ್ನು ಅಚ್ಚಿನಲ್ಲಿ ಕಾಣುವುದು ಸುಲಭವಲ್ಲ. ಆದರೂ ಕೇಳಿದವರಿಗೆ ಹೇಳದಿರುವುದು ಸರಿಯಲ್ಲವಷ್ಟೆ.

ನಮ್ಮ ಮನೆಯಲ್ಲಿರುವುದು ಮೈಸೂರಿನಲ್ಲಿ ತಯಾರಾದ ಯೆಜ್ಡಿ. ನಮ್ಮ ಅಣ್ಣನವರು ೧೯೮೪ನೆಯ ಇಸವಿಯಲ್ಲಿ ಕೊಂಡು, ಜೋಗದ ದಾರಿಯಾಗಿ ಘಟ್ಟವನ್ನಿಳಿಸಿ ಹೊನ್ನಾವರಕ್ಕೆ ತಂದ ವಾಹನವದು. ಈಗಿನ ಹುಡುಗರಿಗೆ ತಿಳಿದಿರಲಿಕ್ಕಿಲ್ಲವಾದುದರಿಂದ ಅದರ ಕುಲಗೋತ್ರಗಳನ್ನು ಎರಡು ಮಾತಿನಲ್ಲಿ ಹೇಳುವೆವು. ಇರಾನಿ ಮನೆತನದವರು ಚೆಕೊಸ್ಲೊವಾಕಿಯಾ ದೇಶದ ಜಾವಾ ಕಂಪೆನಿಯಿಂದ ಪರವಾನಗಿಯನ್ನು ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ಕಟ್ಟಿದರು. ಶ್ರೀ ಜಯಚಾಮರಾಜ ಒಡೆಯರವರು ೧೯೬೧ರಲ್ಲಿ ಅದನ್ನು ಉದ್ಘಾಟಿಸಿದರು. ಮೊದಲು ಜಾವಾ ಎಂಬ ಹೆಸರಿನಿಂದಲೇ ಹೊರಬೀಳುತ್ತಿದ್ದ ವಾಹನಗಳಿಗೆ ೧೯೭೩ರಿಂದೀಚೆಗೆ ಯೆಜ್ಡಿ ಎಂದು ನಾಮಕರಣವಾಯಿತು. ಇರಾನ ದೇಶದ ಯಜ್ದ್ ಎಂಬ ಪಟ್ಟಣದಿಂದ ಆ ಹೆಸರು ಬಂದಿತೆನ್ನುತ್ತಾರೆ. ಹಾಗಿದ್ದ ಪಕ್ಷದಲ್ಲಿ ನಮ್ಮ ‘ಯಜ್’ ಧಾತುವಿಗೂ ಅದಕ್ಕೂ ದೂರದ ನೆಂಟಸ್ತನವುಂಟೆಂದು ನಾವು ಅಣ್ಣನವರೊಡನೆ ವಾದಿಸುತ್ತಿದ್ದೆವು. ಅವರು ನಕ್ಕು, ಧಾತುವಿನಿಂದ ಗಾಡಿ ಓಡುವುದಿಲ್ಲ ಎನ್ನುತ್ತಿದ್ದರು. ಕಾರ್ಖಾನೆಯು ೧೯೯೬ರಲ್ಲಿ ಬಾಗಿಲು ಹಾಕಿತು. ೨೦೨೨ರಿಂದ ಅದೇ ಹೆಸರಿನ ಹೊಸ ವಾಹನಗಳು ಬೇರೆಯವರಿಂದ ಬರುತ್ತಿರುವುದು ನಿಜವಾದರೂ ಅವುಗಳ ರಚನೆಯೇ ಬೇರೆ. ಮೈಸೂರಿನ ಹಳೆಯ ಸಂತಾನದಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತರ ಹತ್ತಿರದ ಪ್ರಾಯ. ಅಷ್ಟು ವಯಸ್ಸಾದ ಮೇಲೆ ಅಲ್ಲಿ ಇಲ್ಲಿ ತುಸು ಸೋರಿದರೆ ಅದು ಮಾಡಿದವರ ದೋಷವೆನ್ನಲಾಗದು.

ಅಣ್ಣನವರು ತೀರಿಕೊಂಡು ಆರು ವರ್ಷಗಳಾದುವು. ಅಂದಿನಿಂದ ಗಾಡಿಯು ನಮ್ಮ ಪಾಲಿಗೆ ಬಂದಿದೆ. ವಾರಕ್ಕೆರಡು ಸಲ ಪೇಟೆಗೆ, ತಿಂಗಳಿಗೊಮ್ಮೆ ಕುಮಟೆಗೆ, ಇಷ್ಟೇ ಅದರ ಸಂಚಾರ. ಉಳಿದ ಕಾಲದಲ್ಲಿ ಅದು ಜಗಲಿಯ ತುದಿಯಲ್ಲಿ, ಅಣ್ಣನವರು ನಿಲ್ಲಿಸುತ್ತಿದ್ದ ಜಾಗದಲ್ಲಿಯೇ, ನಿಂತಿರುತ್ತಿತ್ತು.

ಕಳೆದ ಶ್ರಾವಣದ ಒಂದು ಮುಚ್ಚಂಜೆ. ಹೊರಗೆ ಜಡಿಮಳೆ. ಬಚ್ಚಲ ಒಲೆಯಲ್ಲಿ ತೆಂಗಿನ ಸಿಪ್ಪೆಯ ಬೆಂಕಿ ಉರಿಯುತ್ತಲಿತ್ತು. ಅತ್ತಿಗೆಯವರು ತುಳಸಿಗೆ ದೀಪವಿಡಲೆಂದು ನೀಲಾಂಜನವನ್ನು ಹಿಡಿದು ಬರುತ್ತಿದ್ದವರು ನಡುಬಾಗಿಲಿನಲ್ಲಿಯೇ ನಿಂತುಬಿಟ್ಟರು. ಮರುಕ್ಷಣವೇ ಹಿಂದಿರುಗಿ ದೀಪವನ್ನು ದೇವರ ಕೋಣೆಯಲ್ಲಿಟ್ಟು ಬಂದು, "ತಮ್ಮಾ, ಜಗಲಿಯ ತುಂಬ ಪೆಟ್ರೋಲಿನ ವಾಸನೆ. ಮೊದಲು ಗಾಡಿಯನ್ನು ಅಂಗಳಕ್ಕೆ ಒಯ್ಯಿ. ಬಚ್ಚಲ ಬೆಂಕಿಗೆ ನಾನು ನೀರು ಹೊಯ್ಯುತ್ತೇನೆ" ಎಂದರು. ನಾವು ಪುಸ್ತಕದಿಂದ ತಲೆಯೆತ್ತಿ ನೋಡಿದರೆ, ಕಾರ್ಬುರೇಟರಿನ ಬುಡದಿಂದ ಹನಿಹನಿಯಾಗಿ ಇಳಿದ ಪೆಟ್ರೋಲು ಕೆಂಪು ಗಾರೆಯ ಮೇಲೆ ಒಂದು ಗೇಣಗಲ ಹರಡಿದ್ದಿತು. ಜಗಲಿಯ ಇಳಿಜಾರು ಬಚ್ಚಲ ಕಡೆಗೇ ಇತ್ತು.

ಈ ಅಪಾಯದ ಸ್ವರೂಪವನ್ನು ಗೃಹಿಣಿಯರು ಚೆನ್ನಾಗಿ ತಿಳಿದಿರಬೇಕಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುವೆವು. ಸೀಮೆಎಣ್ಣೆಯು ನೆಲದ ಮೇಲೆ ಚೆಲ್ಲಿದರೆ ಅದಕ್ಕೆ ಕಡ್ಡಿ ಗೀರಿ ಹಿಡಿದರೂ ಒಮ್ಮೆಗೇ ಹೊತ್ತಿಕೊಳ್ಳದೆ ಇರಬಹುದು. ಪೆಟ್ರೋಲಿನ ಗುಣವು ಹಾಗಲ್ಲ. ಹಿಮಗಡ್ಡೆಯ ಶೈತ್ಯಕ್ಕಿಂತಲೂ ಎಷ್ಟೋ ಕೆಳಗೆ, ಸೊನ್ನೆಯ ಕೆಳಗಿನ ೪೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ, ಅದರಿಂದ ಕಿಡಿ ತಾಗಿದರೆ ಹೊತ್ತತಕ್ಕಷ್ಟು ಆವಿ ಏಳುವುದು. ನಮ್ಮ ಕರಾವಳಿಯ ಸೆಕೆಯಲ್ಲಿ ಕೇಳಬೇಕೆ? ಆ ಆವಿಯು ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದುದರಿಂದ ಹೊಗೆಯಂತೆ ಮೇಲಕ್ಕೆ ಹೋಗದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ನೆಲದ ಗುಂಟ ತೆವಳುತ್ತದೆ. ಸೋರಿದ ಸ್ಥಳವು ಒಂದಾದರೆ ಬೆಂಕಿ ಹಿಡಿಯುವ ಸ್ಥಳವು ಹತ್ತು ಮಾರು ಆಚೆಯ ಒಲೆಯಾಗಬಹುದು. ಅತ್ತಿಗೆಯವರು ಇದಾವುದನ್ನೂ ಓದಿದವರಲ್ಲ. ಮೂಗಿಗೆ ತಾಗಿದುದನ್ನು ಮನಸ್ಸಿಗೆ ತೆಗೆದುಕೊಂಡರು, ಅಷ್ಟೆ. ನಾವು ಅದೇ ಜಗಲಿಯಲ್ಲಿ ಅರ್ಧ ತಾಸಿನಿಂದ ಕುಳಿತಿದ್ದವರು, ಓದಿನಲ್ಲಿ ಮುಳುಗಿ ಮೂಗನ್ನು ಮರೆತಿದ್ದೆವು.

ಅಂದಿನ ರಾತ್ರಿ ಊಟಕ್ಕೆ ಕುಳಿತಾಗ ಅತ್ತಿಗೆಯವರು ಮೆಲ್ಲಗೆ, "ಅವರ ಗಾಡಿಯೆಂದು ನಾನೇನೂ ಹೇಳುತ್ತಿರಲಿಲ್ಲ. ಇನ್ನು ಅದು ಮನೆಯೊಳಗೆ ಬೇಡ. ಸರಿಮಾಡಿಸಲಾಗದಿದ್ದರೆ ಗುಜರಿಯವರಿಗೆ ಕೊಟ್ಟುಬಿಡು" ಎಂದರು. ಅವರ ಬಾಯಿಂದ ಆ ಮಾತು ಬರಬೇಕಾದರೆ ಎಷ್ಟು ಹೆದರಿರಬೇಕು ಎಂಬುದು ನಮಗೆ ತಿಳಿಯಿತು.

ಮಾರನೆಯ ದಿನವೇ ಗಾಡಿಯನ್ನು ಕುಮಟೆಗೆ ಒಯ್ದು ಒಬ್ಬ ಮೆಕ್ಯಾನಿಕರಿಗೆ ಒಪ್ಪಿಸಿದೆವು. ಅವರು ಕಾರ್ಬುರೇಟರನ್ನು ಬಿಚ್ಚಿ ಒಂದು ಚಿಕ್ಕ ಸೂಜಿಯನ್ನು ತೋರಿಸಿ, "ಮಾಸ್ತರೇ, ನೀಡಲು ಸವೆದಿದೆ, ಬದಲಿಸಿದ್ದೇನೆ. ಆದರೆ ಕಾಕನ್ನೂ ಒಮ್ಮೆ ಬಿಚ್ಚಿ ನೋಡಬೇಕು" ಎಂದರು. ಮಳೆಯ ಮೋಡ ಕವಿದು ಬರುತ್ತಿದ್ದುದರಿಂದ ನಮಗೆ ಮನೆ ಸೇರುವ ಆತುರ. ಮೊದಲ ವಾಕ್ಯವು ಕಿವಿಗೆ ಬಿದ್ದಿತು, ಎರಡನೆಯದು ಬೀಳಲಿಲ್ಲ. ಹಣ ಕೊಟ್ಟು ಹೊರಟೆವು. ಹತ್ತು ದಿನ ಸುಖವಾಗಿತ್ತು. ಹನ್ನೊಂದನೆಯ ದಿನ ನೋಡಿದರೆ ಅದೇ ಕಾರ್ಬುರೇಟರಿನ ಬುಡದಲ್ಲಿ, ಅದೇ ಜಾಗದಲ್ಲಿ, ಅದೇ ಹನಿ!

ಇಲ್ಲಿಂದ ನಮ್ಮ ತಪ್ಪು ಪ್ರಾರಂಭವಾಯಿತು. ಹನಿ ಅದೇ, ಜಾಗ ಅದೇ; ಆದುದರಿಂದ ಕಾರಣವೂ ಅದೇ, ಸೂಜಿಯನ್ನು ಬದಲಿಸದೆಯೇ ನಮ್ಮಿಂದ ಹಣ ತೆಗೆದುಕೊಂಡಿದ್ದಾರೆ ಎಂದು ನಿಶ್ಚಯಿಸಿಬಿಟ್ಟೆವು. ನಿಶ್ಚಯಿಸಿ ಸುಮ್ಮನಿದ್ದರೂ ಆಗುತ್ತಿತ್ತು. ಕ್ಷೌರದ ಅಂಗಡಿಯಲ್ಲಿ ಹೇಳಿದೆವು, ಸೊಸೈಟಿಯ ಕಟ್ಟೆಯ ಮೇಲೆ ಹೇಳಿದೆವು, ಒಂದು ಉಪನಯನದ ಊಟದ ಪಂಕ್ತಿಯಲ್ಲಿಯೂ ಹೇಳಿದೆವು. ಹೊನ್ನಾವರದಿಂದ ಕುಮಟೆಗೆ ಇಪ್ಪತ್ತು ಕಿಲೋಮೀಟರು. ಆಡಿದ ಮಾತು ಅಷ್ಟು ದೂರ ಹೋಗುವುದಕ್ಕೆ ಪೆಟ್ರೋಲು ಬೇಕಾಗುವುದಿಲ್ಲ.

ಮುಂದಿನ ಭಾನುವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮಗಳ ಅಕ್ಷರಾಭ್ಯಾಸಕ್ಕೆ ಕರೆಯಲು ಬಂದಿದ್ದನು. ಶರಾವತಿಯ ಆಚೆ ಕಾಸರಕೋಡಿನಲ್ಲಿ ಮೀನುಗಾರರ ದೋಣಿಗಳ ಇಂಜಿನುಗಳನ್ನು ದುರಸ್ತಿ ಮಾಡುವುದು ಅವನ ಉದ್ಯೋಗ. ತರಗತಿಯಲ್ಲಿ ಶಬ್ದರೂಪಗಳನ್ನು ಒಮ್ಮೆಯೂ ನೆಟ್ಟಗೆ ಒಪ್ಪಿಸದ ಹುಡುಗ. ಅಂಗಳದಲ್ಲಿ ತೆಂಗಿನ ಮರದ ಕೆಳಗೆ ತಗಡು ಹೊದ್ದು ನಿಂತಿದ್ದ ಗಾಡಿಯನ್ನು ಕಂಡು ಕಾರಣ ಕೇಳಿದನು. ನಾವು ಕುಮಟೆಯ ವಂಚನೆಯ ಕಥೆಯನ್ನು ನಾಲ್ಕನೆಯ ಸಲ ಹೇಳಿದೆವು. ಅವನು ಪೂರ್ತಿ ಕೇಳಿ, "ಮಾಸ್ತರೇ, ನಿಮ್ಮ ಮನೆಯ ಮಾಡು ಸೋರಿದರೆ, ಹನಿ ಬಿದ್ದಲ್ಲಿನ ಹಂಚನ್ನೇ ಬದಲಿಸುತ್ತೀರಾ?" ಎಂದು ಕೇಳಿದನು.

ಹಂಚಿನ ಮನೆಯಲ್ಲಿ ಬಾಳಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಒಡೆದ ಹಂಚು ಎಲ್ಲಿಯೋ ಮೇಲಿರುತ್ತದೆ. ನೀರು ರೀಪಿನಿಂದ ಪಕಾಸಿಗೆ, ಪಕಾಸಿನ ಗುಂಟ ಕೆಳಕ್ಕೆ ಹರಿದು, ತನಗೆ ಅನುಕೂಲವಾದೆಡೆಯಲ್ಲಿ ತೊಟ್ಟಿಕ್ಕುತ್ತದೆ. ಗಾಡಿಯಲ್ಲಿಯೂ ಟ್ಯಾಂಕಿನ ಬುಡಕ್ಕೆ ನಲ್ಲಿ, ನಲ್ಲಿಯಿಂದ ಇಳಿಯುವ ರಬ್ಬರು ಪೈಪು, ಅದರ ಕೆಳಗೆ ಕಾರ್ಬುರೇಟರು. ಮೇಲೆ ಎಲ್ಲಿ ಸೋರಿದರೂ ಹನಿಯು ಪೈಪಿನ ಹೊರಮೈಯನ್ನು ಹಿಡಿದು ಬಂದು ಕಾರ್ಬುರೇಟರಿನ ಬುಡದಿಂದಲೇ ಬೀಳುವುದು. ನಮ್ಮ ಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವುದಕ್ಕೂ ಮೊದಲು, ಕಾಣುತ್ತಿರುವುದು ಹೊಗೆಯೋ ಮಂಜೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕೆಂಬ ನಿಯಮವಿದೆ. ವರ್ಷ ವರ್ಷವೂ ಅದನ್ನು ಪಾಠ ಹೇಳಿದವರು ನಾವೇ.

ಇನ್ನು ಪೆಟ್ರೋಲಿನ ಮಾರ್ಗವನ್ನು ಸ್ವಲ್ಪ ವಿವರಿಸುವೆವು. ಟ್ಯಾಂಕಿನಿಂದ ಇಂಜಿನಿಗೆ ಹೋಗುವ ದಾರಿಯಲ್ಲಿ ಇಬ್ಬರು ಕಾವಲುಗಾರರು. ಮೊದಲನೆಯವನು ನಲ್ಲಿ. ಮೆಕ್ಯಾನಿಕರು ಇದನ್ನು ‘ಪೆಟ್ರೋಲ್ ಕಾಕು’ ಎನ್ನುತ್ತಾರೆ. ಅಲಂಕಾರಶಾಸ್ತ್ರದಲ್ಲಿ ‘ಕಾಕು’ ಎಂದರೆ ಹೇಳಿದ ಮಾತಿನ ಅರ್ಥವನ್ನೇ ತಿರುಗಿಸಿಬಿಡುವ ಧ್ವನಿವಿಕಾರ. ಮುಚ್ಚಿದೆನೆಂದು ತೋರಿಸಿ ಒಳಗೊಳಗೇ ಬಿಡುವ ನಮ್ಮ ನಲ್ಲಿಗೆ ಆ ಹೆಸರು ಯೋಗ್ಯವಾಗಿಯೇ ಇತ್ತು. ಎರಡನೆಯ ಕಾವಲುಗಾರನು ಕಾರ್ಬುರೇಟರಿನ ಒಳಗಿನ ಸೂಜಿ. ಮಹಡಿಯ ಮೇಲಿನ ನೀರಿನ ತೊಟ್ಟಿಯಲ್ಲಿ ಚೆಂಡು ತೇಲಿ ಮೇಲೆದ್ದು ನೀರನ್ನು ತಡೆಯುವುದಿಲ್ಲವೆ? ಹಾಗೆಯೇ ಇಲ್ಲಿಯೂ ಒಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟು, ಫ್ಲೋಟು ಮೇಲೆದ್ದಾಗ ರಂಧ್ರವನ್ನು ಮುಚ್ಚುವ ಸೂಜಿ. ಈ ಇಬ್ಬರಲ್ಲಿ ಒಬ್ಬನು ಎಚ್ಚರವಿದ್ದರೂ ನಿಂತ ಗಾಡಿಯ ಕಾರ್ಬುರೇಟರು ತುಂಬಿ ಹೊರಚೆಲ್ಲುವುದಿಲ್ಲ. ನಲ್ಲಿಯನ್ನು ಮುಚ್ಚಿಟ್ಟಿದ್ದರೂ ಕಾರ್ಬುರೇಟರು ಉಕ್ಕಿತೆಂದರೆ ಇಬ್ಬರೂ ಮಲಗಿದ್ದಾರೆಂದೇ ಅರ್ಥ. ಶ್ರಾವಣದ ಸಂಜೆ ಆದುದು ಇದೇ. ಆದುದರಿಂದ ಸೂಜಿ ಸವೆದಿದೆಯೆಂದ ಕುಮಟೆಯವರ ಮಾತೂ ಸತ್ಯ, ಕಾಕನ್ನು ನೋಡಬೇಕೆಂದ ಮಾತೂ ಸತ್ಯ.

ಆದರೆ ಹುಡುಗನು ತರ್ಕದಿಂದ ತೃಪ್ತನಾಗಲಿಲ್ಲ. ಪರೀಕ್ಷೆ ಮಾಡಿಯೇ ತೋರಿಸುವೆನೆಂದನು. ಮಳೆ ಹೊಳವಾಗಿತ್ತು. ಗಾಡಿಯನ್ನು ಮನೆಯಿಂದ ದೂರ, ಗಾಳಿಯಾಡುವ ಬಯಲಿಗೆ ತಳ್ಳಿದೆವು. ಒಲೆ, ದೀಪ, ಬೀಡಿ ಯಾವುದೂ ಸಮೀಪದಲ್ಲಿಲ್ಲವೆಂದು ನೋಡಿಕೊಂಡೆವು. ಇಂಜಿನು ಪೂರ್ಣ ತಣ್ಣಗಾಗಿತ್ತು. ಮೊದಲು ಹಳೆಯ ಕಲೆಗಳನ್ನು ತೋರಿಸಿದನು. ಯೆಜ್ಡಿಯಂಥ ಎರಡು ಹೊಡೆತದ ಇಂಜಿನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕುವುದುಂಟಷ್ಟೆ. ಸೋರಿದುದರಲ್ಲಿ ಪೆಟ್ರೋಲಿನ ಅಂಶವು ಆರಿಹೋದರೂ ಎಣ್ಣೆಯು ಅಂಟಿಕೊಂಡು ಸಾಕ್ಷಿಗೆ ಉಳಿಯುತ್ತದೆ. ನಲ್ಲಿಯ ಹಿಡಿಕೆಯ ಕೆಳಗಿನಿಂದ ಪೈಪಿನ ಬೆನ್ನಿನವರೆಗೂ ಧೂಳು ಹಿಡಿದ ಎಣ್ಣೆಯ ಗೆರೆಯೊಂದು ಇಳಿದಿತ್ತು. ಆರು ವರ್ಷಗಳಿಂದ ಅದರ ಮುಂದೆಯೇ ಓಡಾಡಿದ್ದೆವು.

ಆಮೇಲೆ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, "ಮಾಸ್ತರೇ, ಮನೆಯಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದಲ್ಲ" ಎಂದನು. ತಂದುಕೊಟ್ಟೆವು. ಅದನ್ನು ನುಣ್ಣಗೆ ಪುಡಿಮಾಡಿ, ಟ್ಯಾಂಕಿಗೆ ನಲ್ಲಿಯು ಕೂಡುವ ಸಂದಿಗೆ, ಹಿಡಿಕೆಯ ಸುತ್ತಲೂ, ಪೈಪಿನ ಎರಡು ತುದಿಗಳಿಗೆ, ಕಾರ್ಬುರೇಟರಿನ ಬುಡಕ್ಕೆ, ಹೀಗೆ ಎಲ್ಲ ಕಡೆಗೂ ಲೇಪಿಸಿದನು. ನಲ್ಲಿಯನ್ನು ಮುಚ್ಚಿ ಅರ್ಧ ತಾಸು ಕಾದೆವು. ಹಿಡಿಕೆಯ ಕೆಳಗಿನ ಬಿಳುಪು ಮಾತ್ರ ನೆನೆದು ಕಪ್ಪಾಯಿತು. ಉಳಿದುದೆಲ್ಲ ಒಣಗಿಯೇ ಇತ್ತು. ಬಳಿಕ ಪೈಪಿನ ಕೆಳತುದಿಯನ್ನು ಕಾರ್ಬುರೇಟರಿನಿಂದ ಬಿಡಿಸಿ ಒಂದು ಗಾಜಿನ ಶೀಸೆಯೊಳಕ್ಕೆ ಇಳಿಬಿಟ್ಟೆವು. ನಲ್ಲಿಯು ಮುಚ್ಚಿದ್ದರೂ ಶೀಸೆಯ ತಳದಲ್ಲಿ ನಿಧಾನವಾಗಿ ಪೆಟ್ರೋಲು ಸೇರತೊಡಗಿತು. ಎಂದರೆ ನಲ್ಲಿಯು ಹೊರಕ್ಕೂ ಸೋರುತ್ತಿದೆ, ಒಳಕ್ಕೂ ಬಿಡುತ್ತಿದೆ. ಕೊನೆಗೆ ಪೈಪನ್ನು ಮತ್ತೆ ಜೋಡಿಸಿ, ಹಿಡಿಕೆಯ ಕೆಳಗೆ ಬಟ್ಟೆಯ ಚಿಂದಿಯೊಂದನ್ನು ಸುತ್ತಿ ಅಲ್ಲಿಯ ಹನಿಯು ಕೆಳಗಿಳಿಯದಂತೆ ಮಾಡಿ, ನಲ್ಲಿಯನ್ನು ಪೂರ್ಣ ತೆರೆದು ಇನ್ನೂ ಅರ್ಧ ತಾಸು ಕಾದೆವು. ಕಾರ್ಬುರೇಟರಿನ ಬುಡದ ಸೀಮೆಸುಣ್ಣವು ಬಿಳಿಯಾಗಿಯೇ ಉಳಿಯಿತು. ಕುಮಟೆಯ ಸೂಜಿಯು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಲಿತ್ತು!

ಇದು ಇದ್ದರೆ ಅದು ಉಂಟು, ಇದು ಇಲ್ಲದಿದ್ದರೆ ಅದಿಲ್ಲ ಎಂದು ಒಂದೊಂದನ್ನೇ ಬೇರ್ಪಡಿಸಿ ಕಾರಣವನ್ನು ಹಿಡಿಯುವುದಕ್ಕೆ ಅನ್ವಯ–ವ್ಯತಿರೇಕವೆಂದು ಹೆಸರು. ಈ ಹೆಸರನ್ನು ಆ ಹುಡುಗನು ಪರೀಕ್ಷೆಯಲ್ಲಿ ಬರೆಯಲಾರದೆ ಹೋಗಿದ್ದನು. ನಾವು ಹೆಸರನ್ನು ಬಲ್ಲೆವು. ಭಟ್ಕಳದ ವಾಚಕರು ಬೇರೆ ಯಾವುದನ್ನು ಮರೆತರೂ ಸರಿಯೆ, ನಲ್ಲಿಯನ್ನು ಬಿಚ್ಚುವುದಕ್ಕೆ ಮೊದಲು ಸೀಮೆಸುಣ್ಣದ ಹಾಗೂ ಶೀಸೆಯ ಈ ಪರೀಕ್ಷೆಗಳನ್ನು ಮಾತ್ರ ಬಿಡಕೂಡದು. ಎಲ್ಲೆಲ್ಲಿ ಸೋರಿಕೆಯೆಂಬುದು ಗೊತ್ತಾಗದೆ ಹೊಸ ಸಾಮಾನು ತಂದು ಹಾಕುವುದು, ರೋಗವನ್ನು ಕೇಳದೆ ಮದ್ದನ್ನು ಅರೆದಂತೆ.

ಟ್ಯಾಂಕನ್ನು ಬರಿದುಮಾಡುವಾಗ ಪೆಟ್ರೋಲನ್ನು ಮುಚ್ಚಳವುಳ್ಳ ಲೋಹದ ಡಬ್ಬಿಗೆ ಇಳಿಸಿಕೊಳ್ಳತಕ್ಕದ್ದು; ಬಚ್ಚಲ ಪ್ಲಾಸ್ಟಿಕ್ ಬಾಲದಿಯು ಇದಕ್ಕಲ್ಲ. ಪೈಪನ್ನು ಬಾಯಿಯಿಂದ ಎಳೆಯುವ ದುರಭ್ಯಾಸವಂತೂ ಕೂಡಲೇ ಕೂಡದು. ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಮೂಲವಾದೀತು. ನಾವು ಹೀಗೆ ಇಳಿಸಿಕೊಂಡು, ನಲ್ಲಿಯನ್ನು ಟ್ಯಾಂಕಿನಿಂದ ಬಿಚ್ಚಿ ತೆಗೆದೆವು. ಅದರ ತಲೆಯ ಮೇಲೆ ಒಂದು ಜಾಲರಿ, ಜಾಲರಿಯೊಳಗೆ ಒಂದು ಉದ್ದನೆಯ ಕೊಳವೆ. ಆ ಕೊಳವೆಯ ಬಾಯಿಯವರೆಗೆ ಪೆಟ್ರೋಲು ಇರುವ ತನಕ ಗಾಡಿ ಓಡುತ್ತದೆ. ಅದಕ್ಕಿಂತ ಕೆಳಗಿಳಿದರೆ ನಿಲ್ಲುತ್ತದೆ. ಆಗ ಹಿಡಿಕೆಯನ್ನು ರಿಸರ್ವಿಗೆ ತಿರುಗಿಸಿದರೆ ಬುಡದ ರಂಧ್ರದಿಂದ ಉಳಿದುದು ಬರುತ್ತದೆ. ರಿಸರ್ವು ಎಂದರೆ ಬೇರೊಂದು ಟ್ಯಾಂಕಲ್ಲ, ಇಷ್ಟೇ ಅದರ ಗುಟ್ಟು. ನಮ್ಮ ಜಾಲರಿಯಲ್ಲಿ ಕೆಂಪು ತುಕ್ಕಿನ ಕೆಸರು ಅರ್ಧ ಚಮಚೆಯಷ್ಟಿತ್ತು. ಮಳೆಗಾಲದಲ್ಲಿ ಟ್ಯಾಂಕನ್ನು ಅರೆಬರೆ ತುಂಬಿಟ್ಟರೆ ಖಾಲಿಯಿರುವ ಭಾಗದಲ್ಲಿ ಉಪ್ಪುಗಾಳಿಯ ತೇವ ಕೂತು ತುಕ್ಕು ಹಿಡಿಯುವುದು ನಮ್ಮ ತೀರದ ಎಲ್ಲರ ಅನುಭವ.

ಹಿಡಿಕೆಯ ಮೇಲಿನ ತಗಡನ್ನು ಎರಡು ಸ್ಕ್ರೂಗಳು ಹಿಡಿದಿದ್ದುವು. ಅವುಗಳನ್ನು ತೆಗೆದೊಡನೆ ಅಲೆಯಂತೆ ಬಾಗಿದ ತೆಳುವಾದ ಉಕ್ಕಿನ ಬಳೆ, ಅದರ ಹಿಂದೆ ಹಿಡಿಕೆ, ಹಿಡಿಕೆಯ ಹಿಂದೆ ರಂಧ್ರಗಳುಳ್ಳ ರಬ್ಬರಿನ ಬಿಲ್ಲೆ, ಹೀಗೆ ಒಂದೊಂದಾಗಿ ಹೊರಬಂದುವು. ಹಿಡಿಕೆಯ ಮುಖದಲ್ಲಿ ಒಂದು ತೋಡು. ಅದು ರಬ್ಬರಿನ ಯಾವ ಎರಡು ರಂಧ್ರಗಳನ್ನು ಕೂಡಿಸುತ್ತದೆಯೋ ಅದರ ಮೇಲೆ ನಲ್ಲಿಯು ತೆರೆಯುವುದು, ಮುಚ್ಚುವುದು. ರಬ್ಬರಿನ ಬಿಲ್ಲೆಯನ್ನು ಹುಡುಗನು ಬೆರಳಿನಲ್ಲಿ ಹಿಡಿದು ಬೆಳಕಿಗೊಡ್ಡಿ ನೋಡಿದನು. ಅದು ಉಬ್ಬಿ, ಮೆದುವಾಗಿ, ಅಂಚು ಡೊಂಕಾಗಿ, ನೆನೆದ ಹಪ್ಪಳದಂತಾಗಿತ್ತು. "ಇದು ಕಂಪೆನಿಯ ರಬ್ಬರಲ್ಲ ಮಾಸ್ತರೇ. ಯಾರೋ ಸೈಕಲ್ಲಿನ ಟ್ಯೂಬಿನಿಂದ ಕತ್ತರಿಸಿ ಹಾಕಿದ್ದಾರೆ. ಪೆಟ್ರೋಲಿಗೆ ಟ್ಯೂಬಿನ ರಬ್ಬರು ಉಬ್ಬಿಹೋಗುತ್ತದೆ" ಎಂದನು.

ಆ ‘ಯಾರೋ’ ಯಾರೆಂಬುದು ನಮಗೆ ನೆನಪಾಯಿತು. ಮೂರು ವರ್ಷಗಳ ಹಿಂದೆ ಹಿಡಿಕೆಯು ಬಿಗಿಯಾಗಿದೆಯೆಂದು ಬಿಚ್ಚಿ, ಒಣಗಿ ಬಿರಿದಿದ್ದ ಮೂಲದ ಬಿಲ್ಲೆಯನ್ನು ಎಸೆದು, ಅತ್ತಿಗೆಯವರ ಕತ್ತರಿಯಿಂದಲೇ ಸೈಕಲ್ ಟ್ಯೂಬನ್ನು ಕತ್ತರಿಸಿ, ಎರಡಾಣೆಯ ಖರ್ಚಿಲ್ಲದೆ ಕೆಲಸ ಮುಗಿಸಿದೆವೆಂದು ನಾವೇ ಬೀಗಿದ್ದೆವು. ನಾವು ಏನನ್ನೂ ಹೇಳದೆ ಇದ್ದುದನ್ನು ಕಂಡು ಹುಡುಗನಿಗೆ ಅರ್ಥವಾಗಿರಬೇಕು. ಅವನೂ ಮುಂದೆ ಕೇಳಲಿಲ್ಲ.

ಸೈಕಲ್ ಟ್ಯೂಬಿನ ರಬ್ಬರು ಪೆಟ್ರೋಲನ್ನು ಹೀರಿ ಊದಿಕೊಳ್ಳುವಂಥದು. ನಲ್ಲಿಗಳಿಗೆ ನೈಟ್ರೈಲ್ ಎಂಬ ಬೇರೆ ಜಾತಿಯ ರಬ್ಬರು ಬೇಕು. ವೈಟಾನ್ ಎಂಬುದು ದೊರೆತರೆ ಇನ್ನೂ ಉತ್ತಮ. ಇದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಪ್ರಮಾಣವು ೨೦೨೨ರಲ್ಲಿ ನೂರಕ್ಕೆ ೧೦ನ್ನು ಮುಟ್ಟಿ, ೨೦೨೫ರ ಹೊತ್ತಿಗೆ ೨೦ಕ್ಕೆ ಏರಿತು. ಹಳೆಯ ವಾಹನಗಳ ರಬ್ಬರು ಭಾಗಗಳನ್ನು ಇದನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಅವು ಬೇಗ ಊದುವುದು, ಬಿರಿಯುವುದು ಉಂಟು. ಅದಲ್ಲದೆ ಎಥನಾಲು ನೀರಿನ ಸ್ನೇಹಿ. ತೇವವನ್ನು ಸೆಳೆದುಕೊಂಡು, ಅದು ಮಿತಿಮೀರಿದಾಗ ನೀರಿನೊಡನೆ ತಾನೂ ಬೇರ್ಪಟ್ಟು ಟ್ಯಾಂಕಿನ ಬುಡಕ್ಕೆ, ಎಂದರೆ ನಲ್ಲಿಯ ನೆತ್ತಿಗೇ, ಬಂದು ಕೂರುತ್ತದೆ. ಆದುದರಿಂದ ಆಷಾಢ ಶ್ರಾವಣಗಳಲ್ಲಿ ಹಳೆಯ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸತಕ್ಕವರು ಟ್ಯಾಂಕನ್ನು ಅರೆಬರೆ ತುಂಬಿ ಮರೆತುಬಿಡಬಾರದು. ವಾರಕ್ಕೊಮ್ಮೆಯಾದರೂ ಓಡಿಸಿ ಹೊಸ ಪೆಟ್ರೋಲನ್ನು ಹಾಕುತ್ತಿರಬೇಕು.

ರಬ್ಬರಿನ ಬಿಲ್ಲೆಗಾಗಿ ಹೊನ್ನಾವರದಲ್ಲಿ ಹುಡುಕಿದೆವು, ಸಿಕ್ಕಲಿಲ್ಲ. ಕುಮಟೆಗೆ ಹೋಗಲು ಮುಖವಿರಲಿಲ್ಲ. ಕೊನೆಗೆ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗಿ, ಪೇಟೆಯ ಎರಡನೆಯ ಅಂಗಡಿಯಲ್ಲಿ ಬಿಲ್ಲೆ, ಉಕ್ಕಿನ ಬಳೆ, ವಾಶರುಗಳು ಕೂಡಿದ ಒಂದು ಪೊಟ್ಟಣವನ್ನು ಪಡೆದೆವು. ಅದರ ಬೆಲೆಯು ಅಂದು ಮಧ್ಯಾಹ್ನ ಅಲ್ಲಿ ಉಂಡ ಊಟಕ್ಕಿಂತ ಕಡಿಮೆ.

ಹೊಸ ಬಿಲ್ಲೆಯನ್ನು ಹಾಕಿದ ಮಾತ್ರಕ್ಕೆ ಮುಗಿಯದು. ಹಿಡಿಕೆಯ ಲೋಹದ ಮುಖದಲ್ಲಿ ತುಕ್ಕಿನ ಕಣಗಳು ಕೊರೆದ ಗೀರುಗಳಿದ್ದರೆ ಹೊಸ ರಬ್ಬರೂ ಸೋರುತ್ತದೆ. ಹುಡುಗನು ಪಟದ ಕಟ್ಟಿನ ಒಂದು ಗಾಜನ್ನು ಕೇಳಿ ತೆಗೆದುಕೊಂಡು, ಅದರ ಮೇಲೆ ಅತಿ ನಯವಾದ ಎಮರಿ ಕಾಗದವನ್ನು ಹಾಸಿ, ತುಸು ಎಣ್ಣೆ ಹಾಕಿ, ಹಿಡಿಕೆಯ ಮುಖವನ್ನು ಅದರ ಮೇಲೆ ಎಂಟರ ಅಂಕಿಯಂತೆ ಮೆಲ್ಲಮೆಲ್ಲನೆ ತಿಕ್ಕಿದನು. ಗಾಜಿನಷ್ಟು ಸಮತಟ್ಟಾದ ವಸ್ತುವು ಮನೆಯಲ್ಲಿ ಬೇರೊಂದಿಲ್ಲವಾದುದರಿಂದ ಈ ಉಪಾಯ. ಮುಖವೆಲ್ಲ ಒಂದೇ ಹೊಳಪಿಗೆ ಬಂದ ಮೇಲೆ ಚೆನ್ನಾಗಿ ತೊಳೆದು, ಬಿಲ್ಲೆ, ಹಿಡಿಕೆ, ಬಳೆ, ತಗಡು ಎಂಬ ಕ್ರಮದಲ್ಲಿ ಕೂಡಿಸಿ, ಎರಡು ಸ್ಕ್ರೂಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದನು. ಒಂದನ್ನೇ ಪೂರ್ತಿ ಬಿಗಿದರೆ ತಗಡು ವಾಲುತ್ತದೆ. ಇಲ್ಲಿ ಬಲವಂತವೂ ಕೂಡದು. ನಲ್ಲಿಯ ಲೋಹವು ಮೆದು, ಮರೆಯೆದ್ದರೆ ನಲ್ಲಿಯೇ ಹೋದಂತೆ.

ಇಷ್ಟಾದ ಮೇಲೂ ನಮ್ಮ ಜಿಪುಣತನವು ಇನ್ನೊಮ್ಮೆ ತಲೆಯೆತ್ತಿತು. ಟ್ಯಾಂಕಿಗೂ ನಲ್ಲಿಗೂ ನಡುವಿನ ಹಳೆಯ ವಾಶರು ಚೆನ್ನಾಗಿಯೇ ಕಾಣುತ್ತಿದೆಯೆಂದು ನಾವು ಹಠ ಹಿಡಿದು ಅದನ್ನೇ ಹಾಕಿಸಿದೆವು. ಪೆಟ್ರೋಲು ಹೊಯ್ದು ಸೀಮೆಸುಣ್ಣ ಬಳಿದು ನೋಡುವಾಗ ಹಿಡಿಕೆಯ ಕೆಳಗೆ ಒಣ; ಆದರೆ ಮೊದಲು ಒಣಗಿದ್ದ ಮೇಲಿನ ಸಂದಿಯಲ್ಲಿ ಒದ್ದೆ! ಒಮ್ಮೆ ಬಿಚ್ಚಿದ ಮೇಲೆ ಹಳೆಯ ವಾಶರು ಮತ್ತೆ ತನ್ನ ಹಳೆಯ ಜಾಗದಲ್ಲಿ ಕೂರುವುದಿಲ್ಲ. ಪುನಃ ಬರಿದುಮಾಡಿ, ಹೊಸದನ್ನು ಹಾಕಿ, ಮೂರನೆಯ ಸಲ ಪರೀಕ್ಷಿಸಿದಾಗ ಎಲ್ಲವೂ ಬೆಳ್ಳಗೆ ಉಳಿಯಿತು. ನೀರಿನ ನಲ್ಲಿಗೆ ಸುತ್ತುವ ಬಿಳಿಯ ಟೇಪನ್ನು ಇಲ್ಲಿ ಸುತ್ತೋಣವೆ ಎಂದು ನಾವು ಕೇಳಿದುದಕ್ಕೆ, ಅದರ ಎಳೆಗಳು ಕಿತ್ತು ಕಾರ್ಬುರೇಟ‌ರಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಪೀಡೆ ಎಂದು ಹೇಳಿ ತಡೆದನು.

ಭಟ್ಕಳದ ವಾಚಕರ ಗಾಡಿಯ ನಲ್ಲಿಯಾದರೋ ತಿರುಗಿಸುವಂಥದಲ್ಲ, ಹಳೆಯ ಇಂಗ್ಲಿಷು ಮಾದರಿಯ ಎಳೆದು ತಳ್ಳುವ ಜಾತಿಯದು, ಒಳಗೆ ರಬ್ಬರಿನ ಬದಲು ಬಿರಟೆಯ ಕಾರ್ಕು ಇದೆ ಎಂದು ಬರೆದಿದ್ದಾರೆ. ಪರೀಕ್ಷೆಯ ಕ್ರಮವು ಅದಕ್ಕೂ ಇದೇ. ಚಿಕಿತ್ಸೆ ಮಾತ್ರ ಬೇರೆ. ಟ್ಯಾಂಕು ಬಹುಕಾಲ ಒಣಗಿದ್ದರೆ ಕಾರ್ಕು ಕುಗ್ಗಿ ಸೋರತೊಡಗುತ್ತದೆ. ಅದು ಹರಿಯದೆ ಬಿರಿಯದೆ ಇದ್ದಲ್ಲಿ, ಕಡ್ಡಿಯೊಡನೆ ಹೊರತೆಗೆದು, ಪೆಟ್ರೋಲಿನ ಪಸೆಯು ಪೂರ್ಣ ಆರಿದ ಮೇಲೆ ಬಿಸಿನೀರಿನಲ್ಲಿ ನೆನೆಯಿಸಿದರೆ ಉಬ್ಬಿ ಮತ್ತೆ ತುಂಬಿಕೊಳ್ಳುವುದು. ನೀರನ್ನು ಒಲೆಯಿಂದ ಇಳಿಸಿ ಗಾಡಿಯ ಬಳಿಗೆ ಒಯ್ಯಬೇಕಲ್ಲದೆ, ಗಾಡಿಯ ಸಾಮಾನನ್ನು ಒಲೆಯ ಬಳಿಗೆ ಒಯ್ಯಬಾರದು. ಪುಡಿಯಾಗುವ ಕಾರ್ಕಾದರೆ ಹೊಸದೇ ಗತಿ. ದಾರಿಯಲ್ಲಿ ಟ್ಯಾಂಕಿಗೇ ಸೂಜಿಮೊನೆಯಷ್ಟು ತೂತು ಬಿದ್ದಾಗ ಬಟ್ಟೆ ತೊಳೆಯುವ ಸಾಬೂನನ್ನು ಒತ್ತಿ ಮೆತ್ತುವ ಹಳೆಯ ಪದ್ಧತಿಯೊಂದುಂಟು. ಸಾಬೂನು ಪೆಟ್ರೋಲಿಗೆ ಕರಗದೆ ಮನೆ ಮುಟ್ಟುವವರೆಗೆ ತಡೆಯುತ್ತದೆ. ಆದರೆ ನಲ್ಲಿಯ ಹಿಡಿಕೆಗೆ ಅದರಿಂದ ಪ್ರಯೋಜನವಿಲ್ಲ.

ಗಾಡಿಯು ಸರಿಯಾದ ಮೇಲೆಯೂ ಎಂಟು ದಿನ ಅಂಗಳದಲ್ಲಿಯೇ ಇತ್ತು. ಅತ್ತಿಗೆಯವರು ದಿನವೂ ಬೆಳಿಗ್ಗೆ ಅದರ ಕೆಳಗೆ ಹಾಸಿದ್ದ ಹಳೆಯ ವೃತ್ತಪತ್ರಿಕೆಯನ್ನು ತಾವೇ ಎತ್ತಿ ನೋಡುತ್ತಿದ್ದರು, ಮೂಸುತ್ತಿದ್ದರು. ಒಂಬತ್ತನೆಯ ದಿನ, "ಮಳೆಯಲ್ಲಿ ಯಾತಕ್ಕೆ ನೆನೆಯಬೇಕು, ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸು" ಎಂದರು. ಜಗಲಿಗೆ ಮಾತ್ರ ಇಂದಿಗೂ ಅಪ್ಪಣೆಯಾಗಿಲ್ಲ. ಅದು ಸರಿಯೆಂದೇ ನಮ್ಮ ಮತವೂ ಆಗಿದೆ. ಬಚ್ಚಲ ಒಲೆಯಿರುವ ಮನೆಯ ಜಗಲಿಯಲ್ಲಿ ಪೆಟ್ರೋಲಿನ ಗಾಡಿಗೆ ಜಾಗವಿಲ್ಲ.

ಇನ್ನುಳಿದುದು ಕುಮಟೆಯ ಬಾಕಿ. ಒಂದು ದಿನ ಹೋದೆವು. ಅಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸಿ, ನಲ್ಲಿಯನ್ನು ಮುಚ್ಚಿ, ಜೇಬಿನಿಂದ ಆ ಉಬ್ಬಿದ ಬಿಲ್ಲೆಯನ್ನು ತೆಗೆದು ಅವರ ಕೈಯಲ್ಲಿಟ್ಟು, ಇದು ನಮ್ಮ ಕೈಗೆಲಸ, ನಿಮ್ಮ ಸೂಜಿಯಲ್ಲಿ ದೋಷವಿರಲಿಲ್ಲ, ನಾವು ಆಡಿದ ಮಾತು ತಪ್ಪು ಎಂದೆವು. ಅವರು ಕೈಯೊರೆಸಿಕೊಂಡು ಬಿಲ್ಲೆಯನ್ನು ಹಿಂದುಮುಂದಾಗಿ ನೋಡಿದರು. "ಮಾತು ನನ್ನ ಕಿವಿಗೂ ಬಂದಿತ್ತು ಮಾಸ್ತರೇ. ನಿಮ್ಮ ಕಡೆಯ ಇಬ್ಬರು ಗಿರಾಕಿಗಳು ಆಮೇಲೆ ಬರಲಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಕ್ಷೌರದ ಅಂಗಡಿಗೂ ಸೊಸೈಟಿಯ ಕಟ್ಟೆಗೂ ಹೋಗಿ ನಡೆದುದನ್ನು ನಡೆದಂತೆ ಹೇಳಿಬಂದೆವು. ಉಪನಯನದ ಪಂಕ್ತಿಯಲ್ಲಿದ್ದವರನ್ನೆಲ್ಲ ಪುನಃ ಒಂದೆಡೆ ಸೇರಿಸುವುದು ಸಾಧ್ಯವಿಲ್ಲದುದರಿಂದ ಅವರು ಇದನ್ನು ಓದಿಯಾದರೂ ತಿಳಿಯಲಿ. ಆ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ದೀಪಾವಳಿಯ ಹೊತ್ತಿಗೆ ಮರಳಿ ಅಲ್ಲಿಗೇ ಹೋಗಿದ್ದಾರೆ. ಇನ್ನೊಬ್ಬರು ಹಳೆಯ ಗಾಡಿಯನ್ನು ಮಾರಿಬಿಟ್ಟರಂತೆ. ಬಿಲ್ಲೆಯನ್ನು ಮೆಕ್ಯಾನಿಕರು ಹಿಂದಕ್ಕೆ ಕೊಡಲಿಲ್ಲ. ಟ್ಯೂಬು ಕತ್ತರಿಸಿ ಹಾಕುವ ಗಿರಾಕಿಗಳಿಗೆ ತೋರಿಸುವುದಕ್ಕೆಂದು ಅದನ್ನು ಅಂಗಡಿಯ ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ.